ಆಯಿಯನ್ನು ಐದನೇ ಪುಟಕ್ಕೆ ಯಾಕೆ ತಳ್ಳಿದಿರಿ?

ನಮಸ್ಕಾರ.

ಗದಗದಿಂದ ನೀವು ಕಳಿಸಿದ ‘ಕಾಳುಗಳ ಒಳಜಗತ್ತು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲು ಬರುವುದಿಲ್ಲ. ಹಾಗಂತ ಬಿಟ್ಟುಬಿಡಲೂ ಮನಸ್ಸಿಲ್ಲ.

ಮೊದಲ ನಾಲ್ಕು ಪುಟ ‘ಪ್ರಕೃತಿಯ ವಿಸ್ಮಯ’ ಅಂತ ಸುಮ್ನೆ ಸುತ್ತಾಡಿದ್ದೀರಿ. ಐದನೇ ಪುಟದಲ್ಲಿ ನಿಮ್ಮ ಆಯಿ ಬರುತ್ತಾರೆ. ನೆರೆಮನೆಗೆ ಜೋಳ ಕಡ ಕೊಡುವಾಗ ಸೇರಿಗೆ ಮೆಲ್ಲಗೆ ಸುರಿಯುತ್ತಾರೆ. ವಾಪಸ್ ಇಸಿದುಕೊಳ್ಳುವಾಗ ಸೇರನ್ನು ನೆಲಕ್ಕೆ ಕುಟ್ಟಿ ಕುಟ್ಟಿ ತುಂಬಿಸಿಕೊಳ್ಳುತ್ತಾರೆ. ಅಲ್ರೀ, ನಿಮ್ಮ ಲೇಖನ ಇರುವುದೇ ಇಲ್ಲಿ! ಎರಡು ಸಾಲಿಗೆ ಮುಗಿಸಿಬಿಟ್ಟಿದ್ದೀರಿ.

ಒಂದೇ ಅಳತೆಯ ಗುಂಡುಗಳನ್ನು ಮೆಲ್ಲಗೆ ಸುರಿದರೆ ಪಾತ್ರೆಯ ಸುಮಾರು ಶೇ 60ರಷ್ಟು ಜಾಗ ತುಂಬುತ್ತದೆ. ಕುಟ್ಟಿದರೆ ಶೇ 64ರ ಹತ್ತಿರ ಹೋಗಿ ನಿಲ್ಲುತ್ತದೆ. ಜೋಳ ಪೂರ್ತಿ ಗುಂಡಗಿರುವುದಿಲ್ಲ, ಒಪ್ಪಿದೆ. ಆದರೂ ಲೆಕ್ಕ ಹಾಕಿ ನೋಡಿ: 60 ಇದ್ದದ್ದು 64 ಆದರೆ 15 ಸೇರಿಗೆ ಒಂದು ಸೇರು ಜಾಸ್ತಿ. ಆಯಿ ಗಟ್ಟಿಗಿತ್ತಿ.

ಪಾತ್ರೆ ಶೇ 74ರಷ್ಟು ತುಂಬುತ್ತದೆ ಎಂದು ನೀವು ಕೊಟ್ಟ ಲೆಕ್ಕ, ‘ಪ್ರತಿ ಕಾಳೂ ಹನ್ನೆರಡನ್ನು ಮುಟ್ಟುತ್ತದೆ’ ಎಂಬ ಮಾತು, ಎರಡೂ ಇಲ್ಲಿಗೆ ಸಲ್ಲವು. ಅಂಗಡಿಯವನು ಕಿತ್ತಳೆ ಒಟ್ಟುವ ಹಾಗೆ ಸಾಲಾಗಿ ಜೋಡಿಸಿದರೆ ಮಾತ್ರ ಅವು ಸರಿ. 1611ರಲ್ಲಿ ಖಗೋಳ ವಿಜ್ಞಾನಿ ಕೆಪ್ಲರ್ ಹೇಳಿದ್ದು ಆ ಜೋಡಣೆಯ ಬಗ್ಗೆ. ಚೀಲದೊಳಗೆ ಕಾಳಿಗೆ ಯಾರು ಸಾಲು ಹಚ್ಚಿದ್ದಾರೆ? ಒಂದಕ್ಕೆ ನೆರೆಯವರು ಎಂಟು, ಪಕ್ಕದ್ದಕ್ಕೆ ನಾಲ್ಕೇ. ನುಣ್ಣನೆಯ ಗುಂಡಾದರೆ ಸರಾಸರಿ ಆರು. ಒರಟಾದರೆ ತಿಕ್ಕಾಟವೇ ಹಿಡಿದುಕೊಳ್ಳುತ್ತದೆ, ನಾಲ್ಕರ ಹತ್ತಿರಕ್ಕೆ ಇಳಿದರೂ ರಾಶಿ ನಿಲ್ಲುತ್ತದೆ. ನಡುವೆ ಕೆಲವು ಯಾರ ಭಾರವನ್ನೂ ಹೊರದೆ ಆರಾಮಾಗಿ ಕೂತಿರುತ್ತವೆ. (ಅಂಥವರು ಎಲ್ಲ ಮನೆಯಲ್ಲೂ ಇರುತ್ತಾರೆ ಬಿಡಿ.) ಇದನ್ನೆಲ್ಲ ಎಣಿಸಿದ್ದು ಹೇಗೆ ಅಂತಲೂ ಬರೆಯಿರಿ. 1960ರ ಸುಮಾರಿಗೆ ಬರ್ನಾಲ್ ಮತ್ತು ಮೇಸನ್ ಎಂಬ ವಿಜ್ಞಾನಿಗಳು ಉಕ್ಕಿನ ಗುಂಡುಗಳ ರಾಶಿಗೆ ಬಣ್ಣ ಹೊಯ್ದು, ಬಸಿದು, ಒಣಗಿಸಿ, ಮುಟ್ಟಿದ ಕಡೆ ಉಳಿದ ಗುರುತುಗಳನ್ನು ಎಣಿಸಿದರು.

ಹಗೇವಿನ (ಕಾಳು ತುಂಬಿಡುವ ನೆಲದೊಳಗಿನ ಗುಂಡಿಯ) ಬಗ್ಗೆ ಬರೆದದ್ದೂ ತಪ್ಪಿದೆ. ಆಳ ಎರಡು ಪಟ್ಟಾದರೆ ತಳದ ಒತ್ತಡವೂ ಎರಡು ಪಟ್ಟಾಗುವುದು ನೀರಿನಲ್ಲಿ. ಕಾಳು ತನ್ನ ಭಾರವನ್ನು ಗೋಡೆಗೂ ದಾಟಿಸುತ್ತದೆ. 1895ರಲ್ಲೇ ಜರ್ಮನಿಯ ಎಂಜಿನಿಯರ್ ಯಾನ್ಸೆನ್ ಇದನ್ನು ಲೆಕ್ಕ ಹಾಕಿ ತೋರಿಸಿದ್ದಾರೆ.

ಮನೆಯಲ್ಲಿ ಆ ಸೇರು ಇನ್ನೂ ಇದೆ ಅಲ್ವಾ? ಕುಟ್ಟದೆ ತುಂಬಿ ಒಮ್ಮೆ ತೂಗಿ, ಕುಟ್ಟಿ ತುಂಬಿ ಇನ್ನೊಮ್ಮೆ ತೂಗಿ. ಎರಡೂ ತೂಕ ಬರೆದು ಕಳಿಸಿ. ಎಷ್ಟು ಸಲ ಕುಟ್ಟಿದ ಮೇಲೆ ಜೋಳ ಇಳಿಯುವುದು ನಿಲ್ಲುತ್ತಿತ್ತು ಅಂತ ಆಯಿಯನ್ನೂ ಕೇಳಿ.