ತಿರಸ್ಕೃತ ಸಿವಿಇ ಸಂಖ್ಯೆಯನ್ನು ಪಟ್ಟಿಯಿಂದ ಕೈಬಿಡುವ ಮುನ್ನ

ನಮಸ್ಕಾರ. ವಿಜಯಪುರದ ನಿಮ್ಮ ಪತ್ತಿನ ಸಹಕಾರಿ ಸಂಘದ ಸರ್ವರ್ ತಪಾಸಣಾ ವರದಿಯಲ್ಲಿ ಒಂದು ಸಿವಿಇ ಸಂಖ್ಯೆಯ (ಸಾಫ್ಟ್‌ವೇರ್‌ನ ಭದ್ರತಾ ದೋಷಕ್ಕೆ ಕೊಡುವ ಗುರುತಿನ ಸಂಖ್ಯೆ) ಮುಂದೆ ‘ರಿಜೆಕ್ಟೆಡ್’ ಎಂದಿರುವುದರಿಂದ ಅದನ್ನು ತೆಗೆದುಹಾಕಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಆ ನಮೂದಿನ ವಿವರಣೆಯನ್ನು ಪೂರ್ತಿ ಓದದೆ ತೆಗೆಯಬೇಡಿ.

1999ರಲ್ಲಿ ಆರಂಭವಾದ ಈ ಸಿವಿಇ ವ್ಯವಸ್ಥೆಯಲ್ಲಿ, ಸಂಖ್ಯೆ ನೀಡುವ ಅಧಿಕಾರ ಪಡೆದ ಸಂಸ್ಥೆಗಳು ಸಂಖ್ಯೆಗಳನ್ನು ಮೊದಲೇ ಕಾಯ್ದಿರಿಸಿಕೊಂಡು, ಬಳಕೆಯಾಗದೆ ಉಳಿದವನ್ನು ಆಮೇಲೆ ತಿರಸ್ಕೃತವೆಂದು ಗುರುತಿಸುತ್ತವೆ. ವಿವರಣೆಯಲ್ಲಿ ‘ನಾಟ್ ಯೂಸ್ಡ್’ ಎಂದಷ್ಟೇ ಇದ್ದರೆ ಅದರ ಹಿಂದೆ ಯಾವ ದೋಷವೂ ಇಲ್ಲ. ಆದರೆ ಒಂದೇ ದೋಷಕ್ಕೆ ಎರಡು ಸಂಖ್ಯೆಗಳು ಬಿದ್ದಾಗಲೂ ಒಂದನ್ನು ತಿರಸ್ಕರಿಸುತ್ತಾರೆ. ಆಗ ದೋಷ ಮಾತ್ರ ಇನ್ನೊಂದು ಸಂಖ್ಯೆಯಡಿ ಹಾಗೆಯೇ ಇರುತ್ತದೆ. ಆ ಸಂಖ್ಯೆಯನ್ನು ಸಾಮಾನ್ಯವಾಗಿ ವಿವರಣೆಯಲ್ಲೇ ಕೊಟ್ಟಿರುತ್ತಾರೆ. ಅದನ್ನು ಹಿಡಿದು ನಿಮ್ಮ ಸರ್ವರ್‌ಗೆ ಪ್ಯಾಚ್ (ದೋಷ ಸರಿಪಡಿಸುವ ತಿದ್ದುಪಡಿ) ಆಗಿದೆಯೇ ಎಂದು ಪರೀಕ್ಷಿಸಿ. ತಿರಸ್ಕೃತ ಸಂಖ್ಯೆಯನ್ನು ಬೇರೊಂದು ದೋಷಕ್ಕೆ ಮತ್ತೆ ಕೊಡುವುದಿಲ್ಲವಾದ್ದರಿಂದ, ಕಾರಣಸಮೇತ ಅದನ್ನು ಕಡತದಲ್ಲಿ ಉಳಿಸಿಕೊಂಡರೆ ಮುಂದಿನ ಆಡಿಟ್‌ನಲ್ಲಿ ಉತ್ತರಿಸಲು ಅನುಕೂಲ.