ಕೊಡಗಿಗೆ ಬರುವ ಲೋಕಸಭೆ ಅಭ್ಯರ್ಥಿಯನ್ನು ಹೇಗೆ ಅಳೆಯೋದು?

ನೀವು ಕೆಲಸದ ಮೇಲೆ ಕೊಡಗಿಗೆ ಬಂದವರು, ಮತದಾರರ ಪಟ್ಟಿಗೂ ಇಲ್ಲೇ ಹೆಸರು ಸೇರಿಸಿದ್ದೀರಿ. ಚುನಾವಣೆ ಹತ್ತಿರ ಬಂದ ಹಾಗೆ ಅಭ್ಯರ್ಥಿಗಳು ದೇವಸ್ಥಾನದ ಹಬ್ಬ, ಹಾಕಿ ಮೈದಾನ, ಸಮಾಜದ ಸಭೆ ಅಂತ ಎಲ್ಲ ಕಡೆ ಕಾಣಿಸಿಕೊಳ್ಳುತ್ತಾರೆ, ಇದು ಊರಿನ ಮೇಲಿನ ಕಾಳಜಿಯೋ ಬರೀ ಪ್ರಚಾರವೋ ಅಂತ ಕೇಳಿದ್ದೀರಿ. ನಾನು ಸುಂಟಿಕೊಪ್ಪ ಕಡೆಯ ಸಣ್ಣ ಕಾಫಿ ಬೆಳೆಗಾರ. ಯಾವ ಪಕ್ಷಕ್ಕೂ ಸೇರಿದವನಲ್ಲ. ನನಗೆ ಕಂಡಿದ್ದನ್ನು ಹೇಳುತ್ತೇನೆ.

ಹಬ್ಬದಲ್ಲಿ ಕಂಡರು ಅನ್ನೋದರಿಂದ ಏನೂ ಗೊತ್ತಾಗುವುದಿಲ್ಲ. ಕಾಳಜಿ ಇರುವವರೂ ಬರುತ್ತಾರೆ, ಇಲ್ಲದವರೂ ಬರುತ್ತಾರೆ. ಎರಡು ವಿಷಯ ನೋಡಿ. ಚುನಾವಣೆ ಇಲ್ಲದ ಮಳೆಗಾಲದಲ್ಲಿ ಆ ವ್ಯಕ್ತಿ ಏನು ಮಾಡುತ್ತಿದ್ದರು? ಸಂಸತ್ತಿನ ಕೈಯಲ್ಲೇ ಇರುವ ಒಂದು ವಿಷಯವನ್ನು ನೇರವಾಗಿ ಕೇಳಿದರೆ ಏನು ಉತ್ತರ ಕೊಡುತ್ತಾರೆ?

ಮೊದಲು ಅವರಿಗೆ ಸಿಗುವ ಸಮಯದ ಲೆಕ್ಕ ಹಾಕಿ. ಮೈಸೂರು-ಕೊಡಗು ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ. ಮಡಿಕೇರಿ ಮತ್ತು ವಿರಾಜಪೇಟೆ ಮಾತ್ರ ನಮ್ಮವು. ಉಳಿದ ಆರು ಮೈಸೂರು ಜಿಲ್ಲೆಯವು, ಅದರಲ್ಲಿ ಮೂರು ಮೈಸೂರು ನಗರದಲ್ಲೇ ಇವೆ. 2024ರಲ್ಲಿ ನಾಮಪತ್ರ ವಾಪಸ್ ಪಡೆಯಲು ಕೊನೆಯ ದಿನ ಏಪ್ರಿಲ್ 8, ಮತದಾನ ಏಪ್ರಿಲ್ 26. ಮತದಾನ ಮುಗಿಯುವ ಹೊತ್ತಿಗೆ 48 ಗಂಟೆ ಮುಂಚೆ ಬಹಿರಂಗ ಪ್ರಚಾರ ನಿಲ್ಲಬೇಕು. ಅಂದರೆ ಕಣದಲ್ಲಿ ಯಾರಿದ್ದಾರೆ ಅಂತ ಖಚಿತವಾದ ಮೇಲೆ ಉಳಿದದ್ದು 16 ದಿನ. ಎಂಟು ಕ್ಷೇತ್ರಕ್ಕೂ ಸಮನಾಗಿ ಹಂಚಿದರೆ ಇಡೀ ಕೊಡಗಿಗೆ ನಾಲ್ಕು ದಿನ! ಕುಟ್ಟದಿಂದ ಶನಿವಾರಸಂತೆವರೆಗೆ, ಕುಶಾಲನಗರದಿಂದ ಭಾಗಮಂಡಲದವರೆಗೆ, ನಮ್ಮ ತಿರುವು ರಸ್ತೆಗಳಲ್ಲಿ, ನಾಲ್ಕು ದಿನದಲ್ಲಿ ಯಾರೇ ಆಗಲಿ ಎಷ್ಟು ಮನೆ ಮೆಟ್ಟಿಲು ಹತ್ತಬಹುದು? ಹಾಗಾಗಿ "ನಮ್ಮೂರಿಗೆ ಬರಲೇ ಇಲ್ಲ" ಅನ್ನೋದು ನನ್ನ ಮಟ್ಟಿಗೆ ದೊಡ್ಡ ದೂರಲ್ಲ. ಜನ ಜಾಸ್ತಿ ಸೇರುವ ಕಡೆಗೇ ಅವರು ಹೋಗುವುದು ಸಹಜ. ಸೋಮವಾರ ಸೋಮವಾರಪೇಟೆ ಸಂತೆ, ಮಂಗಳವಾರ ಕುಶಾಲನಗರ, ಶುಕ್ರವಾರ ಮಡಿಕೇರಿ, ಭಾನುವಾರ ಗೋಣಿಕೊಪ್ಪ. ಆ ದಿನಗಳಲ್ಲಿ ಅಲ್ಲಿ ನಿಂತರೆ ಒಬ್ಬರಲ್ಲ ಒಬ್ಬರು ಕೈ ಮುಗಿಯುತ್ತಾ ಬರುತ್ತಾರೆ.

ಕೊಡಗಿನ ಜನಕ್ಕೆ ಈ ವಿಷಯದಲ್ಲಿ ಒಂದು ಹಳೆಯ ನೋವಿದೆ. 1956ರ ನವೆಂಬರ್ 1ರವರೆಗೆ ಕೊಡಗು ಪ್ರತ್ಯೇಕ ರಾಜ್ಯ. 24 ಸ್ಥಾನಗಳ ವಿಧಾನಸಭೆ ಇತ್ತು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ ಆಗಿದ್ದರು. ಮೊದಲ ಲೋಕಸಭೆಗೆ ಕೊಡಗಿನಿಂದಲೇ ಒಬ್ಬ ಸದಸ್ಯರು ಹೋಗಿದ್ದರು. ಆಮೇಲೆ ಬಹುಕಾಲ ಮಂಗಳೂರು ಕ್ಷೇತ್ರದ ಜೊತೆ ಇದ್ದೆವು. ಕ್ಷೇತ್ರಗಳ ಮರುವಿಂಗಡಣೆ ಆದ ಮೇಲೆ, 2009ರ ಚುನಾವಣೆಯಿಂದ, ಮೈಸೂರಿನ ಜೊತೆ ಇದ್ದೇವೆ. ಅದೇ ಮರುವಿಂಗಡಣೆಯಲ್ಲಿ ಸೋಮವಾರಪೇಟೆ ವಿಧಾನಸಭಾ ಕ್ಷೇತ್ರವೂ ಹೋಯಿತು, ಮೂರು ಇದ್ದದ್ದು ಎರಡಾಯಿತು. ಕರಾವಳಿ ಜೊತೆ ಇದ್ದಾಗಲೂ ಬಯಲುಸೀಮೆ ಜೊತೆ ಇದ್ದಾಗಲೂ ಮತದ ಲೆಕ್ಕದಲ್ಲಿ ನಾವು ಸಣ್ಣ ಪಾಲು. ನಮ್ಮ ಮಾತು ದೆಹಲಿ ತಲುಪಬೇಕಾದರೆ ನಾವೇ ಸ್ವಲ್ಪ ಗಟ್ಟಿಯಾಗಿ, ಸ್ಪಷ್ಟವಾಗಿ ಕೇಳಬೇಕು.

ಇನ್ನೊಂದು ವಿಷಯವನ್ನು ಹೊಸಬರು ಗಮನಿಸುವುದಿಲ್ಲ. ಅಭ್ಯರ್ಥಿ ಜೊತೆ ಜೀಪಿನಿಂದ ಯಾರು ಇಳಿಯುತ್ತಾರೆ ನೋಡಿ. ಗೆದ್ದ ಮೇಲೆ ಸಂಸದರು ದೆಹಲಿ, ಮೈಸೂರು ಅಂತ ಓಡಾಡುತ್ತಾರೆ. ಐದು ವರ್ಷ ನಿಮ್ಮ ಅರ್ಜಿ ಹಿಡಿದುಕೊಂಡು ಹೋಗಬೇಕಾದವರು ಈ ಪಕ್ಕದವರು. ಅವರಿಗೆ ನಿಮ್ಮ ಪಂಚಾಯಿತಿಯ ಹೆಸರು ಗೊತ್ತೇ? ಕರೆಂಟು ಹೋಗಿ ವಾರವಾದಾಗ ಅವರು ಫೋನ್ ಎತ್ತಿದ್ದರೇ? ಅಕ್ಕಪಕ್ಕದ ಮನೆಯವರನ್ನು ಕೇಳಿ, ನಿಜವಾದ ಉತ್ತರ ಸಿಗುತ್ತದೆ.

ಈಗ ಕೇಳಬೇಕಾದ ಪ್ರಶ್ನೆಗಳಿಗೆ ಬರೋಣ. ನಮ್ಮಲ್ಲಿ ಸಭೆ ಸೇರಿದರೆ ಚರಂಡಿ, ಪಂಚಾಯಿತಿ ರಸ್ತೆ, ಆರ್‌ಟಿಸಿ ತಿದ್ದುಪಡಿ, ಜಮ್ಮಾ ಜಾಗದ (ಕೊಡಗಿನ ಹಳೆಯ ವಂಶಪಾರಂಪರ್ಯ ಹಿಡುವಳಿ) ಪಾಲು, ಇದನ್ನೇ ಕೇಳುತ್ತೇವೆ. ಎಲ್ಲವೂ ನಿಜವಾದ ಕಷ್ಟಗಳೇ. ಆದರೆ ಕಂದಾಯ ರಾಜ್ಯದ ವಿಷಯ, ಚರಂಡಿ ಪಂಚಾಯಿತಿಯದು. "ಗೆದ್ದ ತಕ್ಷಣ ಆರ್‌ಟಿಸಿ ಸರಿ ಮಾಡಿಸುತ್ತೇನೆ" ಅನ್ನುವ ಲೋಕಸಭೆ ಅಭ್ಯರ್ಥಿ ತನ್ನ ಕೈಯಲ್ಲಿ ಇಲ್ಲದ್ದನ್ನು ಕೊಡುತ್ತೇನೆ ಅನ್ನುತ್ತಿದ್ದಾರೆ. "ಅದು ರಾಜ್ಯದ್ದು, ಆದರೂ ಸಚಿವರಿಗೆ ಪತ್ರ ಬರೆಯುತ್ತೇನೆ" ಅಂದರೆ ಅವರಿಗೆ ತಮ್ಮ ಕೆಲಸ ಏನು ಅಂತ ಗೊತ್ತಿದೆ.

ಕಾಫಿ ಹಾಗಲ್ಲ. ಕಾಫಿ ಮಂಡಳಿ ಇರುವುದು ಕೇಂದ್ರ ವಾಣಿಜ್ಯ ಸಚಿವಾಲಯದ ಕೆಳಗೆ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರವೂ ಆ ಮಂಡಳಿಯದ್ದೇ. ಅರೇಬಿಕಾ ಕಾಫಿ ಗಿಡಕ್ಕೆ ಬಿಳಿ ಕಾಂಡಕೊರಕ ಹುಳು ಹತ್ತಿದರೆ ಕಿತ್ತು ಸುಡುವುದು ಬಿಟ್ಟು ನಮಗೆ ಬೇರೆ ದಾರಿ ಕಡಿಮೆ. ಇದರ ಸಂಶೋಧನೆಗೆ ಹಣ ತರುವುದು ಸಂಸದರ ಕೆಲಸ. ಇನ್ನೊಂದು, ಯುರೋಪ್ ಒಕ್ಕೂಟ 2023ರಲ್ಲಿ ಒಂದು ಕಾನೂನು ಮಾಡಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿಗೆ ಹೋಗುವ ಹಾಗಿಲ್ಲ, ಪ್ರತಿ ತೋಟದ ಜಾಗದ ಗುರುತನ್ನು ದಾಖಲೆ ಸಮೇತ ಕೊಡಬೇಕು. ಜಾರಿಯನ್ನು ಮುಂದೂಡಿದ್ದಾರೆ, ಆದರೆ ಕಾನೂನು ಹೋಗಿಲ್ಲ. ನಮ್ಮ ದೇಶದ ಕಾಫಿ ಜಾಸ್ತಿ ಹೋಗುವುದೇ ಆ ಕಡೆಗೆ. ದೊಡ್ಡ ಎಸ್ಟೇಟಿನವರು ಹೇಗೋ ಮಾಡಿಕೊಳ್ಳುತ್ತಾರೆ. ಎರಡು ಎಕರೆ ಇರುವವರು, ಇಡೀ ಒಕ್ಕದ (ಕೊಡವ ಮನೆತನ) ಹೆಸರಿನಲ್ಲಿ ಒಂದೇ ದಾಖಲೆ ಇರುವವರು ಏನು ಮಾಡಬೇಕು? ಇದನ್ನು ಅಭ್ಯರ್ಥಿಯ ಮುಂದೆ ಇಡಿ. ಗೊತ್ತಿಲ್ಲ ಅಂದರೆ ಅದೂ ತಪ್ಪಲ್ಲ. ಬರೆದುಕೊಂಡರೇ, ತಿರುಗಿ ಪ್ರಶ್ನೆ ಕೇಳಿದರೇ ಅನ್ನುವುದನ್ನು ನೋಡಿ.

ಕರಿಮೆಣಸೂ ಹೀಗೆಯೇ. ವಿಯೆಟ್ನಾಂ ಮೆಣಸು ಶ್ರೀಲಂಕಾ ದಾರಿಯಲ್ಲಿ ಬಂದು ಇಲ್ಲಿನ ಬೆಲೆ ಬಿದ್ದಾಗ ಬೆಳೆಗಾರರ ಸಂಘಗಳು ದೆಹಲಿವರೆಗೆ ಹೋದವು. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿ ಅಂತ ಕನಿಷ್ಠ ಆಮದು ಬೆಲೆ ನಿಗದಿ ಮಾಡಿತು. ದೆಹಲಿಯಲ್ಲಿ ಕೂತು ಹಿಡಿದ ಹಿಡಿ ಬಿಡದೆ ಕೇಳಿದರೆ ಕೆಲಸ ಆಗುತ್ತದೆ ಅನ್ನುವುದಕ್ಕೆ ನಾನು ಯಾವಾಗಲೂ ಇದನ್ನೇ ಹೇಳುವುದು. ಸಾಲ ಕಟ್ಟದ ತೋಟಗಳನ್ನು ಬ್ಯಾಂಕುಗಳು ಹರಾಜಿಗೆ ಇಡುವುದು ಸರ್ಫೇಸಿ ಅನ್ನುವ ಸಾಲ ವಸೂಲಿ ಕಾಯ್ದೆಯ ಕೆಳಗೆ. ಕೃಷಿ ಜಮೀನಿಗೆ ಆ ಕಾಯ್ದೆಯಿಂದ ವಿನಾಯಿತಿ ಇದೆ. ಕಾಫಿ ತೋಟ ಕೃಷಿಯೋ ಅಲ್ಲವೋ ಅನ್ನುವುದೇ ಜಗಳ. ಕಾಯ್ದೆ ಸಂಸತ್ತಿನದು. ಇದರಲ್ಲಿ ಅಭ್ಯರ್ಥಿಯ ನಿಲುವು ಏನು ಅಂತ ಜನರ ಎದುರು ಹೇಳಿಸಿಕೊಳ್ಳಿ.

ಆನೆ ವಿಷಯ ಎಲ್ಲರೂ ಎತ್ತುತ್ತಾರೆ, ಎತ್ತಲೇಬೇಕು. ಸಿದ್ದಾಪುರ, ಪಾಲಿಬೆಟ್ಟ ಕಡೆ ತೋಟದ ಕೆಲಸಕ್ಕೆ ಬೆಳಿಗ್ಗೆ ಹೋದ ಹೆಂಗಸರು ಸಂಜೆ ಮನೆಗೆ ಬಂದರೆ ಸಾಕು ಅನ್ನುವ ಹಾಗಿದೆ. ಪರಿಹಾರ ಕೊಡುವುದು, ಆನೆ ಓಡಿಸುವ ತಂಡ ಕಳಿಸುವುದು ರಾಜ್ಯ ಅರಣ್ಯ ಇಲಾಖೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೇಂದ್ರದ್ದು, ಆನೆ ಯೋಜನೆ (ಪ್ರಾಜೆಕ್ಟ್ ಎಲಿಫೆಂಟ್) ಕೇಂದ್ರದ್ದು. ತಡೆಬೇಲಿಗೆ ಬಳಸುವ ಹಳೆಯ ಹಳಿಗಳು ಬರಬೇಕಾದದ್ದೂ ರೈಲ್ವೆಯಿಂದ. ರೈಲು ದಾರಿಯೇ ಇಲ್ಲದ ಜಿಲ್ಲೆಗೆ ರೈಲಿನ ಹಳಿ ಆನೆ ಬೇಲಿಯಾಗಿ ಬರುತ್ತಿದೆ. "ಆನೆ ಸಮಸ್ಯೆ ಬಗೆಹರಿಸುತ್ತೇನೆ" ಅನ್ನುವ ಮಾತು ನಮಗೆ ಬೇಡ. ಎಷ್ಟು ಕಿಲೋಮೀಟರ್ ಬೇಲಿ, ಯಾವ ಕಡೆ, ಯಾವ ಹಣದಲ್ಲಿ ಅಂತ ಹೇಳಲಿ.

ಸಂಸದರ ನಿಧಿ ಬಗ್ಗೆಯೂ ಒಂದು ಮಾತು. ಸಮುದಾಯ ಭವನ, ಬಸ್ ತಂಗುದಾಣ ಅಂತ ಭರವಸೆ ಬರುತ್ತಲೇ ಇರುತ್ತದೆ. ನಿಧಿ ವರ್ಷಕ್ಕೆ 5 ಕೋಟಿ. ಎಂಟು ಕ್ಷೇತ್ರಕ್ಕೆ ಸಮನಾಗಿ ಹಂಚಿದರೆ ಒಂದಕ್ಕೆ 62 ಲಕ್ಷದ ಹತ್ತಿರ. ಪ್ರತಿ ಊರಿಗೂ ಭವನ ಕೊಡುತ್ತೇನೆ ಅಂದರೆ ಈ ಲೆಕ್ಕವನ್ನು ಅಲ್ಲೇ ಹಾಕಿ ತೋರಿಸಿ.

ಮಳೆಗಾಲದ ಮಾತಿಗೆ ಬರುತ್ತೇನೆ, ನನಗೆ ಎಲ್ಲಕ್ಕಿಂತ ಮುಖ್ಯ ಇದು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ, ಹಟ್ಟಿಹೊಳೆ ಕಡೆ ಗುಡ್ಡಗಳು ಕುಸಿದವು. ಮನೆ, ತೋಟ, ರಸ್ತೆ ಎಲ್ಲ ಹೋಯಿತು. ಸಮಾಜಗಳ ಕಟ್ಟಡ, ಮದರಸ, ಚರ್ಚು, ಶಾಲೆಗಳಲ್ಲಿ ಜನ ಮಲಗಿದರು. ಅಕ್ಕಿ, ಕಂಬಳಿ ಹೊತ್ತುಕೊಂಡು ಬಂದವರು ಯಾವ ಜಾತಿ, ಯಾವ ಪಕ್ಷ ಅಂತ ಯಾರೂ ಕೇಳಲಿಲ್ಲ. 2020ರ ಆಗಸ್ಟಿನಲ್ಲಿ ತಲಕಾವೇರಿ ಹತ್ತಿರ ಬ್ರಹ್ಮಗಿರಿ ಬೆಟ್ಟವೇ ಜರಿಯಿತು. ಊರಿನ ಮನುಷ್ಯ ಯಾರು ಅಂತ ನಮಗೆ ಗೊತ್ತಾದದ್ದು ಆ ದಿನಗಳಲ್ಲಿ. ಅಭ್ಯರ್ಥಿ ಮೈಸೂರಿನವರಿರಲಿ, ಕೊಡಗಿನವರಿರಲಿ, ಆಗ ಎಲ್ಲಿದ್ದರು, ಜಂಬೂರು, ಮಾದಾಪುರ, ಕರ್ಣಂಗೇರಿಯಲ್ಲಿ ಸಂತ್ರಸ್ತರಿಗೆ ಮನೆ ಕಟ್ಟಿದ ಮೇಲೆ ಅಲ್ಲಿಗೆ ಯಾವತ್ತಾದರೂ ಹೋಗಿದ್ದರೇ ಅಂತ ಕೇಳಿ. ಆಗ ರಾಜಕೀಯದಲ್ಲೇ ಇರಲಿಲ್ಲ ಅಂದರೆ ಈಗ ಹೋಗಿ ಬರಲಿ. ಅದಕ್ಕೆ ಅರ್ಧ ದಿನ ಸಾಕು.

ಹಾಕಿ ಹಬ್ಬದ ಬಗ್ಗೆಯೂ ನೀವು ಕೇಳಿದ್ದೀರಿ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಶುರು ಮಾಡಿದ ಕೊಡವ ಕುಟುಂಬಗಳ ಪಂದ್ಯಾವಳಿ ಅದು. 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳು ಆಡಿದವು. ಪಂದ್ಯ ನಡೆಯುವುದು ಏಪ್ರಿಲ್-ಮೇ ಸುಮಾರಿಗೆ, ಲೋಕಸಭೆ ಚುನಾವಣೆಯೂ ಅದೇ ಹೊತ್ತಿಗೆ. ಹಾಗಾಗಿ ಯಾವ ಅಭ್ಯರ್ಥಿಯೂ ತಪ್ಪಿಸಿಕೊಳ್ಳುವುದಿಲ್ಲ. ಗ್ಯಾಲರಿಯಲ್ಲಿ ಕೂತು ಪಂದ್ಯ ನೋಡಿದರೆ ಸಂತೋಷ, ಬರಲಿ. ಮೈಕ್ ಹಿಡಿದು ಮತ ಕೇಳುವುದು ನನಗೆ ಸರಿ ಕಾಣುವುದಿಲ್ಲ, ಅದು ಕುಟುಂಬಗಳ ಹಬ್ಬ. ದೇವಸ್ಥಾನ, ಮಸೀದಿ, ಚರ್ಚುಗಳನ್ನು ಪ್ರಚಾರಕ್ಕೆ ಬಳಸಬಾರದು ಅಂತ ಮಾದರಿ ನೀತಿ ಸಂಹಿತೆಯಲ್ಲೇ ಇದೆ. ಚುನಾವಣೆ ಘೋಷಣೆ ಆದ ಮೇಲೆ ಯುವಕ ಸಂಘಕ್ಕೆ, ಜೀರ್ಣೋದ್ಧಾರಕ್ಕೆ ದೇಣಿಗೆ ಕೊಡಲು ಬಂದರೆ ತೆಗೆದುಕೊಳ್ಳಬೇಡಿ ಅಂತ ನಿಮ್ಮ ಸಂಘದವರಿಗೆ ಹೇಳಿ. ಹಣ ಹಂಚುವುದು ಕಂಡರೆ ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪ್‌ನಲ್ಲಿ ಫೋಟೋ ಹಾಕಿ, ದೂರಿಗೆ 100 ನಿಮಿಷದೊಳಗೆ ಕ್ರಮ ಆಗಬೇಕು ಅನ್ನುವುದು ಅದರ ನಿಯಮ.

ಆಮೇಲೆ ಹಾಡಿಗಳು, ಅಂದರೆ ಆದಿವಾಸಿಗಳ ಕೇರಿಗಳು. ಜೇನುಕುರುಬ, ಬೆಟ್ಟಕುರುಬ, ಯರವ, ಪಣಿಯ ಜನರ ಹಾಡಿಗಳಿಗೆ ಅಭ್ಯರ್ಥಿಗಳ ಜೀಪು ಹೋಗುವುದು ಕಡಿಮೆ. 2016ರ ಕೊನೆಯಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿ ಗುಡಿಸಲುಗಳನ್ನು ತೆರವು ಮಾಡಿದಾಗ ಇಡೀ ರಾಜ್ಯ ಈ ಕಡೆ ನೋಡಿತು, ಆಮೇಲೆ ಮರೆಯಿತು. ಅರಣ್ಯ ಹಕ್ಕು ಕಾಯ್ದೆ 2006ರದ್ದು, ಸಂಸತ್ತು ಮಾಡಿದ್ದು. ಹಕ್ಕುಪತ್ರಕ್ಕೆ ಇಂದಿಗೂ ಕಾಯುವವರಿದ್ದಾರೆ. ಅಭ್ಯರ್ಥಿ ಕೊಡಗಿನಲ್ಲಿ ಕಳೆಯುವ ನಾಲ್ಕು ದಿನದಲ್ಲಿ ಒಂದು ಗಂಟೆಯಾದರೂ ಹಾಡಿಯಲ್ಲಿ ಕೂತರೇ ಅನ್ನುವುದನ್ನು ನಾನು ತುಂಬಾ ಗಮನಿಸುತ್ತೇನೆ. ತೋಟದ ಕಾರ್ಮಿಕರು ಇರುವ ಸಾಲು ಮನೆಗಳಿಗೂ, ಅಂದರೆ ಲೈನ್ ಮನೆಗಳಿಗೂ ಇದೇ ಮಾತು. ಈಗ ಅಲ್ಲಿ ಅಸ್ಸಾಮಿನವರು ಜಾಸ್ತಿ, ಅವರಿಗೆ ಇಲ್ಲಿ ಮತ ಇಲ್ಲ, ಹಾಗಾಗಿ ಅಲ್ಲಿಗೆ ಯಾರೂ ಇಣುಕುವುದಿಲ್ಲ. ಆದರೆ ಅದೇ ಸಾಲಿನ ಪಕ್ಕದ ಮನೆಯಲ್ಲಿ ತಲೆಮಾರಿನಿಂದ ಇಲ್ಲೇ ಇರುವ ಮತದಾರರೂ ಇದ್ದಾರೆ ಅಲ್ವಾ?

ಈಗ ಸಂಸದರಾಗಿರುವವರೇ ಮತ್ತೆ ನಿಂತರೆ ಕೆಲಸ ಸುಲಭ. ಎಷ್ಟು ದಿನ ಹಾಜರಿದ್ದರು, ಏನೇನು ಪ್ರಶ್ನೆ ಕೇಳಿದರು ಅನ್ನುವುದೆಲ್ಲ ಸಂಸತ್ತಿನ ವೆಬ್‌ಸೈಟಿನಲ್ಲಿದೆ. ಕಾಫಿ, ಮೆಣಸು, ಆನೆ, ಕೊಡಗು ಅಂತ ಹುಡುಕಿ ನೋಡಿ. ಹೊಸಬರಾದರೆ ನಾಮಪತ್ರದ ಜೊತೆ ಕೊಟ್ಟ ಪ್ರಮಾಣಪತ್ರ ಓದಿ, ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣ ಎಲ್ಲ ಅದರಲ್ಲಿ ಇರುತ್ತದೆ. ಮನವಿ ಕೊಡುವುದಾದರೆ ಬಾಯಲ್ಲಿ ಹೇಳಿ ಬಿಡಬೇಡಿ. ಒಂದೇ ಹಾಳೆಯಲ್ಲಿ ಒಂದೇ ವಿಷಯ ಬರೆದು, ಹತ್ತು ಮನೆಯವರ ಸಹಿ ಹಾಕಿಸಿ, ಎಲ್ಲ ಅಭ್ಯರ್ಥಿಗಳಿಗೂ ಅದನ್ನೇ ಕೊಡಿ. ಪ್ರತಿಯನ್ನು ಇಟ್ಟುಕೊಳ್ಳಿ. ಗೆದ್ದವರ ಕಚೇರಿಗೆ ಆರು ತಿಂಗಳಾದ ಮೇಲೆ ಅದನ್ನೇ ಮತ್ತೆ ಕಳಿಸಿ.

ಕೊನೆಗೆ, ನಿಮ್ಮ ಆಫೀಸಿಗೆ ಮತದಾನದ ದಿನ ರಜೆ ಸಿಗುತ್ತದೆ. ತೋಟದಲ್ಲಿ ದಿನಗೂಲಿ ಮಾಡುವ ಮತದಾರರಿಗೂ ಅವತ್ತು ಸಂಬಳ ಸಹಿತ ರಜೆ ಕೊಡಬೇಕು ಅಂತ ಕಾನೂನಿದೆ. ಅವರಲ್ಲಿ ಅನೇಕರಿಗೆ ಇದು ತಿಳಿದಿಲ್ಲ. ನಿಮ್ಮ ಮನೆ ಸುತ್ತಮುತ್ತ ಅಂಥವರಿದ್ದರೆ ಹೇಳಿ, ಅವರು ಕೆಲಸ ಮಾಡುವ ತೋಟದ ರೈಟರಿಗೂ (ಲೆಕ್ಕ, ಹಾಜರಿ ನೋಡುವವರು) ಒಂದು ಮಾತು ಹೇಳಿ.