ಟಾಕ್‌ಬ್ಯಾಕ್ ನಿಂತಾಗ: ಸುದ್ದಿ ನಿರೂಪಕಿಯೊಬ್ಬರ ಆಪ್ತಸಲಹೆ ಪ್ರಕರಣ

ಸುದ್ದಿವಾಹಿನಿಗಳ ನಿರೂಪಕರು ಆಪ್ತಸಲಹೆಗೆ ಬರುವುದು ಹೆಚ್ಚಾಗಿ ಸ್ಲಾಟ್ ಬದಲಾದ ಮೇಲೆ. ರಾತ್ರಿ 9ರ ಬುಲೆಟಿನ್‌ನಲ್ಲಿದ್ದವರನ್ನು ಮಧ್ಯಾಹ್ನ 1ಕ್ಕೆ ಹಾಕುತ್ತಾರೆ, ಅಲ್ಲಿಂದ ಬೆಳಗಿನ 6ಕ್ಕೆ. ಸಂಬಳ ಅಷ್ಟೇ ಇರುತ್ತದೆ. ಕಾರಣ ಮಾತ್ರ ಯಾರೂ ಹೇಳುವುದಿಲ್ಲ. ಯಾರೂ ಹೇಳದ ಆ ಕಾರಣವನ್ನು ಇವರು ಕನ್ನಡಿಯಲ್ಲಿ ಹುಡುಕತೊಡಗುತ್ತಾರೆ. ಇಂಥ ಪ್ರಕರಣ ಮತ್ತೆ ಮತ್ತೆ ಬರುತ್ತಿರುವುದರಿಂದ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಒಂದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಕೆಗೆ ಮೂವತ್ತರ ಮೇಲಾಗಿತ್ತು. ಮಧ್ಯ ಕರ್ನಾಟಕದ ಹುಡುಗಿ, ಬೆಂಗಳೂರಿನ ವಾಹಿನಿಯೊಂದರಲ್ಲಿ ಹತ್ತು ವರ್ಷದ ಅನುಭವ. ಪ್ರೈಮ್‌ಟೈಮ್ ಹೋಗಿ ಬೆಳಗಿನ ಬುಲೆಟಿನ್ ಬಂದಿತ್ತು. ಮೇಕಪ್‌ಗೆಂದು ನಾಲ್ಕೂವರೆಗೆ ಕಚೇರಿಯಲ್ಲಿರಬೇಕು, ಅಂದರೆ ಮೂರಕ್ಕೆ ಏಳಬೇಕು. ರಾತ್ರಿ ಊಟ ಬಿಟ್ಟಿದ್ದರು, ಚರ್ಮದ ಚಿಕಿತ್ಸೆಗೆ ಸಾಲ ಮಾಡಿದ್ದರು, ದನಿ ಬಿರಿಯುತ್ತಿತ್ತು. ರಾಜೀನಾಮೆ ಪತ್ರ ಮೊಬೈಲ್‌ನಲ್ಲಿ ಸಿದ್ಧವಾಗಿತ್ತು.

ದನಿಯ ವಿಷಯ ಮೊದಲು ಮುಗಿಸುತ್ತೇನೆ, ಏಕೆಂದರೆ ಎಷ್ಟೋ ಸಲ ಅದನ್ನು ಮನಸ್ಸಿನ ಖಾತೆಗೆ ಹಾಕಿಬಿಡುತ್ತೇವೆ. ಕರ್ಕಶ ದನಿ ಎರಡು ಮೂರು ವಾರ ದಾಟಿದರೆ ಇಎನ್‌ಟಿ ವೈದ್ಯರು ಕ್ಯಾಮೆರಾ ಹಾಕಿ ಧ್ವನಿತಂತು ನೋಡಲೇಬೇಕು. ಅರಚಿ ಓದುವವರಲ್ಲಿ ತಂತುಗಳ ಅಂಚಿಗೆ ಸಣ್ಣ ಗಂಟು ಬರುವುದು ಸಾಮಾನ್ಯ. ಅದಕ್ಕೆ ಮೊದಲ ಮದ್ದು ಶಸ್ತ್ರಚಿಕಿತ್ಸೆಯಲ್ಲ, ಕೆಲವು ವಾರಗಳ ಧ್ವನಿ ಚಿಕಿತ್ಸೆ. ಪದೇ ಪದೇ ಗಂಟಲು ಕೆರೆಯುವುದು, ದನಿ ಉಳಿಸಲೆಂದು ಪಿಸುಗುಟ್ಟುವುದು, ತಡರಾತ್ರಿ ಉಂಡು ಹಾಗೇ ಮಲಗುವುದು, ಮೂರೂ ತೊಂದರೆಯನ್ನು ಹೆಚ್ಚಿಸುತ್ತವೆ. ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ದನಿಯೇ ದುಡಿಮೆಯಾದವರಿಗೆ ತಕ್ಕ ಪರೀಕ್ಷೆ, ತರಬೇತಿ ಸಿಗುತ್ತದೆ. ಆಕೆ ತೋರಿಸಿಕೊಂಡರು. ಗಂಟಿತ್ತು. ಚಿಕಿತ್ಸೆ ಶುರುವಾಯಿತು.

ತಿರುವು ಬಂದದ್ದು ಮೂರನೆಯ ಭೇಟಿಯಲ್ಲಿ. ಅಂದಿನ ಪತ್ರಿಕೆ ಕೊಟ್ಟು, ಒಂದು ಸುದ್ದಿ ಓದಿ ಮಡಿಚಿಡಿ, ಊರಿನಲ್ಲಿರುವ ಅಮ್ಮನಿಗೆ ಹೇಳುವ ಹಾಗೆ ಐದು ಮಾತಿನಲ್ಲಿ ಹೇಳಿ ಅಂದೆ. ಭದ್ರಾ ನಾಲೆಗೆ ನೀರು ಬಿಡುವ ಸುದ್ದಿಯನ್ನು ಆರಿಸಿಕೊಂಡರು. ಅವರ ಮನೆಯ ಗದ್ದೆ ಇರುವುದೇ ಆ ನಾಲೆಯ ಕೊನೆಯಲ್ಲಿ. "ಭದ್ರಾ ನಾಲೆಗೆ ನೀರು, ರೈತರ ಮೊಗದಲ್ಲಿ ಮಂದಹಾಸ" ಅಂದರು. ಅಲ್ಲಿಗೆ ನಿಂತುಹೋಯಿತು. ಬಲಗೈ ತಾನಾಗಿ ಕಿವಿಯತ್ತ ಹೋಯಿತು.

"ಮುಂದೆ?" ಅಂದೆ.

"ಮುಂದೆ ಏನು ಅಂತ ಕಿವೀಲಿ ಯಾರೂ ಹೇಳ್ತಾ ಇಲ್ವಲ್ಲ ಮೇಡಂ" ಅಂದರು. ನಗುತ್ತಲೇ ಅಂದದ್ದು, ಆದರೆ ಮಾತು ಮುಗಿಯುವಷ್ಟರಲ್ಲಿ ಮುಖ ಬಾಡಿತು. ಸ್ವಲ್ಪ ಹೊತ್ತಿನ ನಂತರ ತಾವೇ ಮುಂದುವರಿಸಿದರು: "ಕೊನೇ ಭಾಗಕ್ಕೆ ನೀರು ತಲುಪೋದೇ ಇಲ್ಲ. ಅಪ್ಪ ರಾತ್ರಿಯೆಲ್ಲ ತೂಬು ಕಾಯ್ತಾರೆ. ಮಂದಹಾಸ ಎಲ್ಲಿಂದ ಬರ್ಬೇಕು? ಇದು ನಂಗೆ ಗೊತ್ತು. ಆದ್ರೂ ಬಾಯಲ್ಲಿ ಬಂದದ್ದು ಅದೇ."

ಟಾಕ್‌ಬ್ಯಾಕ್ ಗೊತ್ತಿಲ್ಲದವರಿಗೆ ಇದು ವಿಚಿತ್ರ ಅನ್ನಿಸಬಹುದು. ನಿರೂಪಕಿಯ ಕಿವಿಯಲ್ಲಿರುವ ಇಯರ್‌ಪೀಸಿಗೆ ಪಿಸಿಆರ್‌ನಿಂದ, ಅಂದರೆ ಪ್ರಸಾರ ನಿಯಂತ್ರಿಸುವ ಕೊಠಡಿಯಿಂದ, ಪ್ಯಾನೆಲ್ ಪ್ರೊಡ್ಯೂಸರ್ ಮಾತಾಡುತ್ತಲೇ ಇರುತ್ತಾರೆ: "ಫೋನೋ ರೆಡಿ" (ಫೋನಿನಲ್ಲಿ ಮಾತಾಡುವವರು ಸಿದ್ಧ), "ಅವರನ್ನ ಕಟ್ ಮಾಡಿ", "ಇನ್ನೂ ಜೋರು", "ಹತ್ತು ಸೆಕೆಂಡ್ ಎಳೀರಿ". ಬ್ರೇಕಿಂಗ್ ಬಂದರೆ ಪ್ರಾಂಪ್ಟರ್, ಅಂದರೆ ಓದಬೇಕಾದ ಸಾಲು ಮೂಡುವ ಪರದೆ, ಖಾಲಿ. ಕಿವಿಗೆ ಬಿದ್ದ ಸಾಲು ಅರ್ಧ ಸೆಕೆಂಡಿನಲ್ಲಿ ಬಾಯಿಂದ ಹೊರಬರಬೇಕು. ಒಂದೇ ಹೊತ್ತಿನಲ್ಲಿ ಕೇಳಿಸಿಕೊಂಡು ಮಾತಾಡುವುದು ಸುಲಭದ ಕಸುಬಲ್ಲ, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಮುಂದಿನ ಮಾತು ಯಾವುದು ಎಂಬ ಆಯ್ಕೆಯನ್ನು ಹತ್ತು ವರ್ಷ ಇನ್ನೊಬ್ಬರಿಗೆ ಬಿಟ್ಟುಕೊಟ್ಟರೆ ಆಯ್ದುಕೊಳ್ಳುವ ರೂಢಿಯೇ ತಪ್ಪುತ್ತದೆ. ಸ್ಲಾಟ್ ಹೋದಾಗ ಆಕೆ ಕಂಗಾಲಾದದ್ದು ಮುಖ ಮಾಸಿತೆಂದಲ್ಲ, ತಾನು ಏನು ಮಾಡಬಲ್ಲೆ ಎಂಬುದಕ್ಕೆ ತನ್ನಲ್ಲೇ ಉತ್ತರವಿರಲಿಲ್ಲವೆಂದು. ಸಲಹೆಯೆಲ್ಲ ಹುಟ್ಟಿದ್ದು ಇಲ್ಲಿಂದಲೇ.

ರಾಜೀನಾಮೆ ಬೇಡ ಅಂದೆ. ಕಿರುಕುಳ ಕೊಡುವ ಕಡೆ ಯಾಕೆ ಇರಿಸಿದಿರಿ ಎಂದು ಆಕೆಯ ಗೆಳತಿಯರು ಕೇಳಿದ್ದಾರೆ. ಕಿರುಕುಳವಿದ್ದರೆ ನಾನೇ ದೂರು ಬರೆಸುತ್ತಿದ್ದೆ. ಇಲ್ಲಿದ್ದದ್ದು ಕಾರಣ ಹೇಳದ ಬದಲಾವಣೆ. ಹೊಸ ಸಂಪಾದಕರು ತಮ್ಮ ತಂಡವನ್ನು ಕರೆತಂದರೂ ಸ್ಲಾಟ್ ಬದಲಾಗುತ್ತದೆ, ಗುರುವಾರ ಬರುವ ಟಿಆರ್‌ಪಿ (ವೀಕ್ಷಣೆಯ ಅಳತೆ) ನಾಲ್ಕು ವಾರ ಇಳಿದರೂ ಬದಲಾಗುತ್ತದೆ. ಕೇಳದೆ ತೀರ್ಮಾನಿಸಬಾರದು. ಅಲ್ಲದೆ ಆರು ತಿಂಗಳು ತೆರೆಯಿಂದ ದೂರವಿದ್ದರೆ ಮುಂದಿನ ವಾಹಿನಿಯವರು ಕೇಳುವ ಮೊದಲ ಪ್ರಶ್ನೆ "ಇತ್ತೀಚಿನ ಕ್ಲಿಪ್ ಇದೆಯಾ?" ಎಂದೇ.

ಮೊದಲು ಔಟ್‌ಪುಟ್ (ಪ್ರಸಾರ ವಿಭಾಗ) ಮುಖ್ಯಸ್ಥರಿಗೆ ನಾಲ್ಕು ಸಾಲಿನ ಇಮೇಲ್ ಬರೆಸಿದೆ: ಬದಲಾವಣೆಯ ಕಾರಣವೇನು, ಎಷ್ಟು ಕಾಲ, ನಾನು ತಿದ್ದಿಕೊಳ್ಳಬೇಕಾದ್ದೇನು. ದೂರಿನ ಒಂದು ಪದವೂ ಅದರಲ್ಲಿರಲಿಲ್ಲ. ಎರಡನೆಯದು, ಸಂಬಳ ಬರುವ ಬಗೆ. ಸಂಬಳದ ಚೀಟಿ ಇದೆಯೋ, ಅಥವಾ ಶೇ. 10 ಟಿಡಿಎಸ್ (ಮೂಲದಲ್ಲೇ ಹಿಡಿಯುವ ತೆರಿಗೆ) ಕಳೆದು ವೃತ್ತಿ ಶುಲ್ಕವೆಂದು ಬರುತ್ತಿದೆಯೋ? ಶುಲ್ಕವಾದರೆ ಸಾಮಾನ್ಯವಾಗಿ ಪಿಎಫ್ ಇರುವುದಿಲ್ಲ, ಗ್ರಾಚ್ಯುಟಿಯೂ ಇರುವುದಿಲ್ಲ. ಎಷ್ಟೋ ನಿರೂಪಕರಿಗೆ ಇದು ಗೊತ್ತಾಗುವುದು ಕೆಲಸ ಹೋದ ಮೇಲೆಯೇ. ಆಕೆಯದೂ ಶುಲ್ಕವೇ. ಹಾಗಾಗಿ ಚರ್ಮದ ಚಿಕಿತ್ಸೆಯ ಮುಂದಿನ ಸುತ್ತು ನಿಲ್ಲಿಸಿ, ಆರು ತಿಂಗಳ ಮನೆಖರ್ಚು ಬೇರೆ ಖಾತೆಯಲ್ಲಿ ಕೂಡುವವರೆಗೆ ಕೆಲಸ ಬಿಡುವ ಮಾತಿಲ್ಲ ಎಂದು ಗೊತ್ತುಮಾಡಿಕೊಂಡೆವು. "ಬಿಟ್ಟರೆ ಒಂದು ವರ್ಷ ಬೇರೆ ವಾಹಿನಿಗೆ ಹೋಗುವಂತಿಲ್ಲ" ಎಂಬ ಷರತ್ತಿಗೆ ಆಕೆ ಬಹಳ ಹೆದರಿದ್ದರು. 1872ರ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ ಕೆಲಸ ಬಿಟ್ಟ ನಂತರವೂ ದುಡಿಮೆಯನ್ನು ತಡೆಯುವ ಇಂಥ ಷರತ್ತು ನಿಲ್ಲುವುದಿಲ್ಲ. ನೋಟಿಸ್ ಅವಧಿಯ ಮಾತು ಬೇರೆ, ಅದನ್ನು ವಕೀಲರಿಗೆ ತೋರಿಸಿ ಅಂದೆ.

ಉಳಿದದ್ದು ಕಸುಬಿನ ಸಲಹೆ. 2023ರ ಜುಲೈನಲ್ಲಿ ಒಡಿಶಾದ ಓಟಿವಿ 'ಲೀಸಾ'ಳನ್ನೂ ನಮ್ಮ ಪವರ್ ಟಿವಿ 'ಸೌಂದರ್ಯ'ಳನ್ನೂ ತೆರೆಗೆ ತಂದವು. ಎರಡೂ ಎಐ ನಿರೂಪಕಿಯರು. ಯಂತ್ರ ನಮ್ಮ ಕೆಲಸ ಕಿತ್ತುಕೊಳ್ಳುತ್ತದೆ ಎಂಬ ಭಯ ಅಂದಿನಿಂದ ಪ್ರತಿ ನಿರೂಪಕರ ಬಾಯಲ್ಲೂ ಇದೆ. ಬರೆದುಕೊಟ್ಟದ್ದನ್ನು ಓದುವ ಕೆಲಸ ಯಂತ್ರಕ್ಕೆ ಹೋಗುವುದು ಖಚಿತ ಎಂದೇ ನನ್ನ ನಂಬಿಕೆ. ಫೋನೋದಲ್ಲಿರುವ ತಹಶೀಲ್ದಾರರು ಪ್ರಶ್ನೆಯಿಂದ ನುಣುಚಿಕೊಂಡಾಗ ಮರುಪ್ರಶ್ನೆ ಹಾಕಲು ಮಾತ್ರ ವಿಷಯ ಗೊತ್ತಿರುವ ಮನುಷ್ಯರೇ ಬೇಕು. ಆದ್ದರಿಂದ ವಾರಕ್ಕೆ ಎರಡು ದಿನ ಬುಲೆಟಿನ್ ಮುಗಿದ ಮೇಲೆ ಒಂದು ಗಂಟೆ ಡೆಸ್ಕ್‌ನಲ್ಲಿ ಕೂತು ಕಾಪಿ ಬರೆಯಿರಿ, ಒಂದು ಬುಲೆಟಿನ್ನಿನ ರನ್‌ಡೌನ್ (ಯಾವ ಸುದ್ದಿಯ ನಂತರ ಯಾವುದು ಎಂಬ ಪಟ್ಟಿ) ನೀವೇ ಹಾಕಿ ಅಂದೆ. ದಿನಕ್ಕೊಂದು ಸುದ್ದಿಯನ್ನು ಪ್ರಾಂಪ್ಟರ್ ಇಲ್ಲದೆ ಎರಡು ನಿಮಿಷ ಮೊಬೈಲ್‌ಗೆ ಹೇಳಿ, ಮತ್ತೆ ಕೇಳಿ, "ಮಂದಹಾಸ"ದಂಥ ಸವಕಲು ಮಾತು ಬಂದಲ್ಲೆಲ್ಲ ಗುರುತು ಹಾಕಿ. ಮೊದಲ ವಾರ ಪ್ರತಿ ಧ್ವನಿಮುದ್ರಣದಲ್ಲೂ ಏಳೆಂಟು ಗುರುತು ಬಿದ್ದವು.

ಇಮೇಲ್‌ಗೆ ಉತ್ತರ ಬಂತು. ಪ್ರೈಮ್‌ಟೈಮ್‌ಗೆ ಹೊಸ ಕಾರ್ಯಕ್ರಮ ಬಂದಿದೆ, ಅದನ್ನು ಸಂಪಾದಕರೇ ನಡೆಸುತ್ತಾರೆ ಎಂದಷ್ಟೇ ಅದರಲ್ಲಿತ್ತು. ರಾತ್ರಿ 9 ಆಕೆಗೆ ಮರಳಲಿಲ್ಲ. ಈಚೆಗೆ ಕರಾರು ನವೀಕರಣಕ್ಕೆ ಬಂದಾಗ ಮೂರು ವರ್ಷದ ಬದಲು ಒಂದು ವರ್ಷಕ್ಕೆ ಸಹಿ ಹಾಕಿದ್ದಾರೆ. ಹುದ್ದೆಯ ವಿವರದಲ್ಲಿ "ನಿರೂಪಣೆ" ಎಂಬುದರ ಜೊತೆಗೆ "ಬುಲೆಟಿನ್ ನಿರ್ಮಾಣ" ಎಂದು ಸೇರಿಸಿಕೊಂಡಿದ್ದಾರೆ.